ಅಜ್ಜಿ ಎಂಬ ಫೈಲಿನ ಒಂದು ಸಾಲು

ಗ್ರೀಸಣ್ಣ ಬಾಯಿ ತೆರೆದನೆಂದರೆ ಲಿಫ್ಟ್ ವರ್ಕ್‌ಶಾಪಿನವರೆಲ್ಲ ಕುರ್ಚಿ ಎಳೆದುಕೊಂಡು ಸುತ್ತ ಕೂರುತ್ತಿದ್ದರು. ಅವನು ಹೇಳಿ ಮುಗಿಸಿದ ಮೇಲೆ ಮುಕ್ಕಾಲು ಪಾಲನ್ನು ಅಲ್ಲೇ ಕೊಡವಿ, ಉಳಿದ ಕಾಲು ಪಾಲನ್ನೂ ಅನುಮಾನದಿಂದ ನೋಡುತ್ತ ಎದ್ದು ಹೋಗುತ್ತಿದ್ದರು. ಒಮ್ಮೆ ಅವನು ರಿಪೇರಿ ಮಾಡಿಕೊಟ್ಟ ಲಿಫ್ಟು ಅದೆಷ್ಟು ಜೋರಾಗಿ ಮೇಲೇರಿತೆಂದರೆ, ಒಳಗಿದ್ದ ದಪ್ಪ ಮನುಷ್ಯ ಹತ್ತನೇ ಮಹಡಿಯಲ್ಲಿ ಇಳಿದಾಗ ಅವನ ನೆರಳು ಇನ್ನೂ ಆರನೇ ಮಹಡಿಯಲ್ಲಿ ಏದುಸಿರು ಬಿಡುತ್ತಿತ್ತಂತೆ. ಇನ್ನೊಮ್ಮೆ ಅವನು ಹಚ್ಚಿದ ಗ್ರೀಸು ಅದೆಷ್ಟು ನುಣುಪೆಂದರೆ, ಅದರ ಮೇಲೆ ಕೂತ ನೊಣವೊಂದು ಜಾರಿ ನೆಲಮಾಳಿಗೆಗೆ ಬಿದ್ದು ಸೊಂಟ ಉಳುಕಿಸಿಕೊಂಡಿತಂತೆ. ಮೂವತ್ತೈದು ವರ್ಷ ಲಿಫ್ಟುಗಳ ನೆತ್ತಿಯ ಮೇಲೆ, ಪಾದದ ಕೆಳಗೆ ತೆವಳಿದ ಮನುಷ್ಯ. ಅಂಗೈಯ ಗೆರೆಗಳಲ್ಲಿ ಗ್ರೀಸು ಎಷ್ಟು ಸೇರಿಕೊಂಡಿತ್ತೆಂದರೆ ಸ್ವಂತ ಹೆಸರಿನಿಂದ ಅವನನ್ನು ಕೂಗುವುದನ್ನು ಹೆಂಡತಿಯೇ ಬಿಟ್ಟಿದ್ದಳು.

ಅಂಥವನು ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಪ್ಪಟ ನಿಜವೊಂದನ್ನು ಹೇಳಿದ. ಅವತ್ತು ಮಾತ್ರ ಯಾರೂ ಕುರ್ಚಿ ಎಳೆದುಕೊಳ್ಳಲಿಲ್ಲ.

ಇಪ್ಪತ್ತಮೂರು ಮಹಡಿಯ ಹೊಸ ಕಟ್ಟಡವೊಂದಕ್ಕೆ ಲಿಫ್ಟಿನ ಬೋರ್ಡು ಹೋಗಬೇಕಿತ್ತು. ಬೋರ್ಡೆಂದರೆ ಲಿಫ್ಟಿನ ತಲೆ. ಯಾವಾಗ ನಿಲ್ಲಬೇಕು, ಯಾವಾಗ ಬಾಗಿಲು ತೆರೆಯಬೇಕು ಎನ್ನುವ ಪ್ರೋಗ್ರಾಮೆಲ್ಲ ಅದರೊಳಗೆ. ಸಂಜೆ ನಾಲ್ಕಕ್ಕೆ ವ್ಯಾನು ಬರುವುದಿತ್ತು. ಅದಕ್ಕೆ ಮುಂಚೆ ಪ್ರೋಗ್ರಾಮಿನಲ್ಲಿ ಲಿಫ್ಟು ಸುಮ್ಮಸುಮ್ಮನೆ ಕಾಯುವ ಜಾಗಗಳನ್ನೆಲ್ಲ ಹುಡುಕಿ ಕಿತ್ತುಹಾಕಬೇಕೆಂದು ಅಳಿಯ ಪಟ್ಟು ಹಿಡಿದಿದ್ದ. ಅಳಿಯನೆಂದರೆ ಹಳೆಯ ಯಜಮಾನರ ಮಗಳ ಗಂಡ. ಆರು ವರ್ಷದಿಂದ ವರ್ಕ್‌ಶಾಪು ನೋಡಿಕೊಳ್ಳುತ್ತಿದ್ದ. ಎದುರಿಗೆ ಎಲ್ಲರೂ ‘ಸಾರ್’ ಅನ್ನುವರು, ಬೆನ್ನ ಹಿಂದೆ ‘ಅಳಿಯಂದ್ರು’. ಕೆಟ್ಟವನಲ್ಲ. ಮೇಜಿನ ಮೇಲೆ ಪೆನ್ಸಿಲು ಓರೆಯಾಗಿದ್ದರೆ ಮಾತು ನಿಲ್ಲಿಸಿ ನೆಟ್ಟಗೆ ಮಾಡುವ ಜಾತಿಯವನು, ಅಷ್ಟೆ.

“ಇಲ್ನೋಡಿ,” ಅಂದ ಅಳಿಯ, ಕಂಪ್ಯೂಟರಿನ ಪರದೆಗೆ ಪೆನ್ಸಿಲು ತಾಗಿಸಿ. “ಲಿಫ್ಟು ಕೆಳಗೆ ಬಂತು, ಬಾಗಿಲು ತೆಗೀತು, ಜನ ಇಳಿದ್ರು. ಆಮೇಲೆ ನೆಲಕ್ಕೆ ಸರಿಯಾಗಿ ಮಟ್ಟ ಮಾಡ್ಕೊಳ್ಳೋಕೆ ಮುಂಚೆ ಒಂದು ಪಾಯಿಂಟ್ ನಾಲ್ಕು ಸೆಕೆಂಡು ಸುಮ್ನೆ ನಿಂತಿರತ್ತೆ. ಯಾಕೆ? ಯಾರು ಬರೆದಿದ್ದು ಇದನ್ನ?”

ಕಂಪ್ಯೂಟರಿನ ಮುಂದೆ ಕೂತಿದ್ದವಳು ಪುಟ್ಟಿ. ಗ್ರೀಸಣ್ಣನ ಅಕ್ಕನ ಮಗಳು. ವರ್ಕ್‌ಶಾಪಿನ ಪ್ರೋಗ್ರಾಮುಗಳೆಲ್ಲ ಅವಳ ಉಸ್ತುವಾರಿ. ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರೂ ಅದನ್ನು ನೆನಪಿಟ್ಟುಕೊಳ್ಳುವ ಗಿಟ್ ಅನ್ನುವ ವ್ಯವಸ್ಥೆ ಇತ್ತು. ಅವಳು ಅದನ್ನು ಕೇಳಿದಳು. ಉತ್ತರ ನೋಡಿ ಗಂಟಲು ಸರಿಮಾಡಿಕೊಂಡಳು.

“ನೀವೇ ಸಾರ್.”

“ನಾನಾ?”

“ಆರು ವರ್ಷದ ಹಿಂದೆ, ಮಧ್ಯಾಹ್ನ ಮೂರೂ ಹತ್ತಕ್ಕೆ. ಆ ಸಾಲಿನ ಮುಂದೆ ನಿಮ್ಮ ಹೆಸರೇ ಇದೆ.”

ಅಳಿಯ ತಲೆ ಕೆರೆದುಕೊಂಡ. “ನನಗೆ ನೆನಪೇ ಇಲ್ಲ. ಹೊಸದಾಗಿ ಬಂದಿದ್ದೆ, ಏನೋ ಬರೆದಿರಬೇಕು. ನಾನೇ ಇಟ್ಟಿದ್ದು ಅಂದ್ರೆ ನಾನೇ ತೆಗೆಸ್ತೀನಿ. ತೆಗೀಮ್ಮ.”

ಮೂಲೆಯಲ್ಲಿ ಬಾಗಿಲಿನ ಚಕ್ರವೊಂದನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ ಗ್ರೀಸಣ್ಣ ತಲೆಯೆತ್ತಿದ. “ಸಾರ್, ಅದನ್ನ ಮುಟ್ಟಬೇಡಿ. ಆ ಸಾಲು ನಂದು.”

ಎಲ್ಲರ ತಲೆಯೂ ಮೂಲೆಗೆ ತಿರುಗಿತು. ಆಮೇಲೆ ವೈರ್‌ಮನ್ ಶುರು ಮಾಡಿದ. “ನಿಂದಾ? ಗ್ರೀಸಣ್ಣ, ಎಬಿಸಿಡಿಯಲ್ಲಿ ನಿಂಗೆ ಎಷ್ಟು ಅಕ್ಷರ ಗೊತ್ತು ಹೇಳು ನೋಡೋಣ.”

“ಲಿಫ್ಟಿಗೆ ಬೇಕಾದಷ್ಟು ಗೊತ್ತು. ಜಿ ಅಂದ್ರೆ ನೆಲ, ಬಿ ಅಂದ್ರೆ ನೆಲದ ಕೆಳಗೆ. ಮಿಕ್ಕಿದ ಅಕ್ಷರಕ್ಕೆ ಲಿಫ್ಟು ನಿಲ್ಲಲ್ಲ, ನಾನ್ಯಾಕೆ ನಿಲ್ಲಲಿ?”

ವರ್ಕ್‌ಶಾಪು ಗೊಳ್ಳೆಂದಿತು. ಅಳಿಯನೂ ನಕ್ಕ, ಆದರೂ ಕೇಳಿದ. “ಸರಿ, ಯಾಕೆ ಬೇಕು ಆ ಸಾಲು? ಹೇಳು.”

ಗ್ರೀಸಣ್ಣ ಎದ್ದು ನಿಂತ. ಶುರುವಿನಲ್ಲಿ ನೆಟ್ಟಗೇ ಹೇಳಿದ. “ಎತ್ತರದ ಕಟ್ಟಡ ಅಂದ್ರೆ ಉದ್ದ ಹಗ್ಗ ಸಾರ್. ಉಕ್ಕಿನ ಹಗ್ಗ ಆದ್ರೂ ಉದ್ದ ಆದ್ರೆ ಎಳೆದಾಡತ್ತೆ. ಲಿಫ್ಟು ಕೆಳಗೆ ಬಂದು ಹತ್ತು ಜನ ಒಟ್ಟಿಗೆ ಇಳಿದ್ರು ಅನ್ನಿ, ಭಾರ ಹೋಗಿ ಹಗ್ಗ ಹಗುರ ಆಗತ್ತೆ. ಲಿಫ್ಟು ಮೇಲಕ್ಕೆದ್ದು ಕುಣಿಯತ್ತೆ. ಆ ಕುಣಿತ ನಿಲ್ಲೋವರೆಗೂ ಮೋಟರು ಕೈ ಹಾಕಬಾರದು. ಹಾಕಿದ್ರೆ ಇನ್ನೂ ಜೋರು ಕುಣಿಯತ್ತೆ, ಇಳಿಯೋರ ಕಾಲು ಎಡವತ್ತೆ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಎಲ್ಲರೂ ಕಿವಿ ಕೊಟ್ಟು ಕೇಳುತ್ತಿದ್ದರಲ್ಲ, ಅವನ ನಾಲಿಗೆಗೆ ಹುರುಪು ಬಂತು. “ಆ ಸಾಲು ಹಾಕಿಸೋಕೆ ಮುಂಚೆ ಒಂದು ಹತ್ತೊಂಬತ್ತು ಮಹಡಿ ಲಿಫ್ಟು ಕುಣಿದಿದ್ದು ನೋಡಬೇಕಿತ್ತು. ಒಬ್ಬರ ಬೋಳುತಲೆ ಮೇಲಿನ ಕೂದಲ ಟೋಪನ್ನು ಮೂರನೇ ಮಹಡಿಗೆ ಎಸೆದಿತ್ತು. ಅಲ್ಲಿ ಅದನ್ನ ಬೆಕ್ಕು ಅಂದ್ಕೊಂಡು ಹಾಲು ಇಟ್ಟಿದ್ರು.”

ನಗು ಸೂರಿಗೆ ತಾಗಿತು. ಟೋಪಿನ ಜತೆ ಹಗ್ಗವೂ ಹೋಯಿತು, ನಿಜವೂ ಹೋಯಿತು. ಗ್ರೀಸಣ್ಣನಿಗೆ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಳ್ಳಬೇಕೆನಿಸಿತು.

“ಇಲ್ಲಿ ಪರೀಕ್ಷೆ ಮಾಡಿ ತೋರಿಸೋಣ ಅಂದ್ರೆ ಲಿಫ್ಟು ಓಡಿಸಿ ನೋಡೋ ನಮ್ಮ ಗೋಪುರ ಮೂರೇ ಮಹಡಿ,” ಅಂದ ಅಳಿಯ, ಕಣ್ಣೊರೆಸಿಕೊಳ್ಳುತ್ತ. “ಅಷ್ಟು ಗಿಡ್ಡ ಹಗ್ಗದಲ್ಲಿ ಏನೂ ಕುಣಿಯಲ್ಲ. ನೋಡು ಗ್ರೀಸಣ್ಣ, ನಿನ್ನ ಮೇಲೆ ನನಗೇನೂ ಕೋಪ ಇಲ್ಲ. ನಾಲ್ಕು ಗಂಟೆಯೊಳಗೆ ಆ ಸಾಲಿಗೆ ಒಂದು ಕಾರಣ ತೋರಿಸು, ಬರಹದಲ್ಲಿ. ಇಲ್ಲಾಂದ್ರೆ ತೆಗೆದು ಕಳಿಸ್ತೀವಿ.”

ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಗ್ರೀಸಣ್ಣ ಒಂದು ಸ್ಟೂಲು ಎಳೆದುಕೊಂಡು ಪುಟ್ಟಿಯ ಪಕ್ಕ ಕೂತ. ಬದುಕಿನಲ್ಲಿ ಅವನು ಬಿಗಿದ ಬೋಲ್ಟುಗಳನ್ನು ಇನ್ನೊಬ್ಬರು ಬಿಚ್ಚಿದ್ದರು, ಹಾಕಿದ ಹಗ್ಗಗಳನ್ನು ಕಾಲ ಕಾಲಕ್ಕೆ ಬದಲಾಯಿಸಿದ್ದರು, ಹಚ್ಚಿದ ಗ್ರೀಸಂತೂ ವರ್ಷ ತುಂಬುವ ಮೊದಲೇ ಒಣಗಿ ಹೋಗುವಂಥದ್ದು. ಹದಿನೇಳು ವರ್ಷದಿಂದ ಅಲುಗದೆ ಉಳಿದಿದ್ದ ಅವನ ಕೆಲಸವೆಂದರೆ ಅದೊಂದೇ ಸಾಲು, ಅದನ್ನು ಅವನು ಓದಲಾರ. ಊರಿನ ಎತ್ತರದ ಕಟ್ಟಡಗಳಲ್ಲಿ ಜನ ಲಿಫ್ಟಿನಿಂದ ಇಳಿದು ನೆಟ್ಟಗೆ ನಡೆದು ಹೋಗುವುದನ್ನು ಕಂಡಾಗಲೆಲ್ಲ ಅವನು ಮನಸ್ಸಿನಲ್ಲೇ ‘ಒಂದು ಪಾಯಿಂಟ್ ನಾಲ್ಕು’ ಎಂದು ಎಣಿಸಿ ಮೀಸೆಯಡಿ ನಗುತ್ತಿದ್ದ.

“ಮಾವ, ನಿಜ ಹೇಳು,” ಅಂದಳು ಪುಟ್ಟಿ, ಪರದೆಯಿಂದ ಕಣ್ಣು ತೆಗೆಯದೆ. “ಆ ಸಾಲು ನಿಂದೇನಾ?”

“ನಂದೇ ಕಣೆ.”

“ಅಮ್ಮನ ಮೇಲೆ ಆಣೆ?”

“ಅವಳನ್ನ ಯಾಕೆ ಎಳೀತೀಯ, ಮೊದಲೇ ಬೀಪಿ. ನಾನು ಹೇಳಿದೆ, ಕನ್ನಡಕದಕ್ಕ ಬರೆದ್ರು. ‘ನೀನು ಹೇಳಿದ್ದು ಅಂತ ಬರೆದಿಟ್ಟಿದ್ದೀನಿ ಕಣೋ’ ಅಂದಿದ್ರು. ಎಲ್ಲಿ ಬರೆದ್ರೋ, ಏನು ಬರೆದ್ರೋ, ನಾನೆಲ್ಲಿ ನೋಡಿದ್ದೆ.”

ಮೊದಲು ಪ್ರೋಗ್ರಾಮು ಬರೆಯುತ್ತಿದ್ದ ಕನ್ನಡಕದಕ್ಕನನ್ನು ಪುಟ್ಟಿ ಕಂಡವಳಲ್ಲ. ಅವರು ಕೆಲಸ ಬಿಟ್ಟ ಮರುವರ್ಷವೇ ತೀರಿಕೊಂಡಿದ್ದರು, ಪುಟ್ಟಿ ಸೇರಿದ್ದು ಅದಾದ ಮೇಲೆ. ಗ್ರೀಸಣ್ಣನಿಗೆ ಮಾತ್ರ ಅವರು ನಿನ್ನೆ ಎದ್ದು ಹೋದಂತೆ. ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು ಕನ್ನಡಕ, ಎರಡನ್ನೂ ಇಟ್ಟುಕೊಂಡು ಮೂರನೆಯದಕ್ಕೆ ಡ್ರಾಯರು ತಡಕುವ ಹೆಂಗಸು. ಆಗ ವರ್ಕ್‌ಶಾಪು ಅಂದರೆ ಟಯರು ಅಂಗಡಿಯ ಮೇಲಿನ ಒಂದೇ ಒಂದು ಕೋಣೆ. ಹತ್ತಲು ಕಬ್ಬಿಣದ ಏಣಿಮೆಟ್ಟಿಲು. ಯಾರು ಬರುತ್ತಿದ್ದಾರೆಂದು ಸದ್ದಿನಲ್ಲೇ ಗೊತ್ತಾಗುವುದು. ರಬ್ಬರಿನ ವಾಸನೆ ನೆಲದ ಸಂದಿನಿಂದ ಏರಿಬಂದು ಚಹಾದಲ್ಲೂ ಸೇರುತ್ತಿತ್ತು. ಇದ್ದದ್ದು ಒಂದೇ ಕಂಪ್ಯೂಟರು, ಅದರ ಫ್ಯಾನಿನ ಗದ್ದಲಕ್ಕೆ ಇಬ್ಬರೂ ಕೂಗಿಕೊಂಡೇ ಮಾತಾಡಬೇಕು. ಹಾಗೆ ಕೂಗಿ ಕೂಗಿ ಇಬ್ಬರ ಗಂಟಲೂ ದೊಡ್ಡದಾಗಿ, ಕೆಳಗೆ ಟಯರಿನವನು ಇವರು ದಿನವೂ ಜಗಳವಾಡುತ್ತಾರೆಂದೇ ತಿಳಿದಿದ್ದ.

ಅವರಿಬ್ಬರ ಕೆಲಸದ ರೀತಿಯೇ ಬೇರೆ ಥರ. ಅಕ್ಕ ಪ್ರೋಗ್ರಾಮು ಬರೆದು ಗಟ್ಟಿಯಾಗಿ ಓದುವರು, ಇಂಗ್ಲಿಷಿನಲ್ಲಲ್ಲ, ಮನೆಮಾತಿನಲ್ಲಿ. “ಗುಂಡಿ ಒತ್ತಿದ್ರು, ಬಾಗಿಲು ಮುಚ್ಚು, ಬ್ರೇಕು ಬಿಡು, ಹೊರಡು.” ಗ್ರೀಸಣ್ಣ ಕೋಣೆಯ ನಡುವೆ ಲಿಫ್ಟಾಗಿ ನಿಲ್ಲುವನು. ಎರಡು ತೋಳು ಎರಡು ಬಾಗಿಲು, ಮಂಡಿ ಮೋಟರು, ಉಸಿರು ಬ್ರೇಕು. ಅವರು ಓದಿದಂತೆ ಇವನು ಕುಕ್ಕರಿಸುವನು, ಏಳುವನು, ತೋಳು ಅಗಲಿಸುವನು. ಎಲ್ಲಿ ಇವನ ಕಾಲು ತೊಡರುತ್ತದೋ ಅಲ್ಲಿ ಪ್ರೋಗ್ರಾಮಿನಲ್ಲಿ ತಪ್ಪಿದೆ ಅಂತ ಅರ್ಥ. ಒಂದು ಸಲ ಬಾಗಿಲು ತೆರೆದಿರುವಾಗಲೇ “ಹೊರಡು” ಎಂದು ಓದಿಬಿಟ್ಟರು. ಇವನು ತೋಳು ಚಾಚಿಕೊಂಡೇ ಜಿಗಿದು ಗಡಿಯಾರವನ್ನು ಗೋಡೆಯಿಂದ ಬೀಳಿಸಿದ್ದ.

“ಯಾವ ಫೈಲಲ್ಲಿ ಬರೆದ್ರು ಮಾವ? ಹೆಸರೇನು?”

“ಅಜ್ಜಿ.”

ಪುಟ್ಟಿಯ ಬೆರಳು ನಿಂತಿತು. “ಏನು?”

“ಅಜ್ಜಿ ಅಂತ ಫೈಲು. ನೆಲಕ್ಕೆ ಮಟ್ಟ ಮಾಡ್ಕೊಳ್ಳೋದು. ಅಜ್ಜಿ ಥರ ನಿಧಾನಕ್ಕೆ ಕೂರತ್ತೆ, ಕೂತಮೇಲೆ ಆ ಕಡೆ ಈ ಕಡೆ ಸರಿಮಾಡ್ಕೊಳ್ಳತ್ತೆ. ನಂಗೆ ಇಂಗ್ಲಿಷ್ ಹೆಸರು ನಾಲಿಗೆ ಮೇಲೆ ನಿಲ್ಲಲ್ಲ ಅಂತ ಅಕ್ಕ ಎಲ್ಲಾ ಫೈಲಿಗೂ ನೆಂಟರ ಹೆಸರು ಇಟ್ಟಿದ್ರು.”

ಪುಟ್ಟಿ ತಿರುಗಿ ಅವನ ಮುಖ ನೋಡಿದಳು. ಅವಳು ಚಿಕ್ಕವಳಿದ್ದಾಗ ಮಾವ ಹೇಳಿದ್ದನ್ನೆಲ್ಲ ಕಣ್ಣರಳಿಸಿ ನಂಬುತ್ತಿದ್ದವಳು. ಒಂಬತ್ತನೇ ವಯಸ್ಸಿನಲ್ಲಿ ಸೊಂಟ ಉಳುಕಿದ ನೊಣದ ಕಥೆಯನ್ನು ತರಗತಿಯಲ್ಲಿ ಎದ್ದು ನಿಂತು ಹೇಳಿ, ಟೀಚರಾದಿಯಾಗಿ ಎಲ್ಲರೂ ನಕ್ಕು, ಅಳುತ್ತ ಮನೆಗೆ ಬಂದಿದ್ದಳು. ಅವತ್ತಿನಿಂದ ಮಾವನ ಮಾತನ್ನು ತುಟಿಯ ಒಂದೇ ಕೊನೆಯಲ್ಲಿ ನಕ್ಕು ಕೇಳುವ ಅಭ್ಯಾಸವಾಗಿತ್ತು.

“ಮಾವ, ನಾಲ್ಕಕ್ಕೆ ವ್ಯಾನು ಬರತ್ತೆ,” ಅಂದಳು, ತಗ್ಗಿದ ದನಿಯಲ್ಲಿ. “ಇವತ್ತೂ ಬುರುಡೆನಾ?”

ಗ್ರೀಸಣ್ಣನಿಗೆ ಊರೆಲ್ಲ ನಕ್ಕಾಗ ಆಗದ ನೋವು ಈಗ ಎದೆಯ ಹತ್ತಿರ ಎಲ್ಲೋ ಚುಚ್ಚಿತು. ಯಾರನ್ನು ದೂರುವುದು? ಆ ನೊಣವನ್ನು ಬೀಳಿಸಿದವನು ಅವನೇ ತಾನೇ. ಅವನು ತೊಡೆಯ ಮೇಲಿನ ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತ.

ಮಾವ ಸುಮ್ಮನಿರುವುದನ್ನು ಪುಟ್ಟಿ ಹುಟ್ಟಿದ ಮೇಲೆ ಎಂದೂ ನೋಡಿರಲಿಲ್ಲ. ಅವಳಿಗೆ ಏನೋ ಅನ್ನಿಸಿರಬೇಕು, ಪರದೆಯ ಕಡೆ ತಿರುಗಿ ಕೆಲಸ ಶುರುಮಾಡಿದಳು. ಮಾಡುತ್ತ ಮಾಡುತ್ತ ಅವನಿಗೂ ಬಿಡಿಸಿ ಹೇಳಿದಳು. “ಈಗ ಈ ಫೈಲಿನ ಹೆಸರು ಲೆವೆಲ್ ಕಂಟ್ರೋಲ್. ಹೋದ ವರ್ಷ ನಾನೇ ಇಟ್ಟಿದ್ದು. ಇದರ ಇತಿಹಾಸ ಕೊಡು ಅಂತ ಸುಮ್ನೆ ಕೇಳಿದ್ರೆ ಹೋದ ವರ್ಷದವರೆಗೆ ಮಾತ್ರ ಕೊಡತ್ತೆ, ನೋಡು. ಹಳೇ ಹೆಸರಿನ ಹಿಂದೆಯೂ ಹೋಗು ಅಂತ ಬಿಡಿಸಿ ಹೇಳಬೇಕು.” ಕೀಲಿಗಳನ್ನು ಒತ್ತಿದಳು. “ಹೇಳಿದೆ. ನೋಡು, ಹೋಗ್ತಿದೆ. ನನಗಿಂತ ಮುಂಚೆ ಲೆವೆಲಿಂಗ್ ಅಂತ ಹೆಸರು ಇತ್ತು. ಎರಡು ವರ್ಷ ಹಿಂದೆ, ನಾಲ್ಕು, ಐದು... ಆರು ವರ್ಷ. ಸಾರ್ ಬದಲಾಯಿಸಿದ ಆ ಮಧ್ಯಾಹ್ನ. ಇಲ್ಲಿಗೆ ಮುಗೀತು.”

“ಮುಗೀತು ಅಂದ್ರೆ?”

“ಅವತ್ತೇ ಹುಟ್ಟಿದ ಫೈಲು ಅನ್ನತ್ತೆ. ಅದಕ್ಕಿಂತ ಹಿಂದೆ ಏನೂ ಇಲ್ಲ.”

“ಹನ್ನೊಂದು ವರ್ಷ ಓಡಿದ ಪ್ರೋಗ್ರಾಮು ಅವತ್ತು ಹುಟ್ಟೋದು ಹೆಂಗೆ? ಹೆಸರು ಬದಲಾಯಿಸಿದ್ರೆ ನಿಮ್ಮ ಗಿಟ್ಟಪ್ಪ ಬರೆದಿಟ್ಕೊಳ್ಳಲ್ವಾ, ಇವಳು ಮೊದಲು ಇಂಥವಳಾಗಿದ್ದಳು ಅಂತ?”

“ಇಲ್ಲ ಮಾವ, ಅದೇ ತಮಾಷೆ. ಹೆಸರು ಬದಲಾಯ್ತು ಅಂತ ಅದು ಎಲ್ಲೂ ಬರ್ಕೊಳ್ಳಲ್ಲ. ಪ್ರತಿ ಸಲ ಎಲ್ಲಾ ಫೈಲು ಹೆಂಗಿತ್ತು ಅನ್ನೋದನ್ನ ಮಾತ್ರ ಇಟ್ಕೊಳ್ಳತ್ತೆ. ನಾವು ಕೇಳಿದಾಗ ನೋಡತ್ತೆ, ಒಂದು ಕಾಣೆಯಾಗಿದೆ, ಒಂದು ಹೊಸದಾಗಿ ಬಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸತ್ತೆ. ಅರ್ಧಕ್ಕಿಂತ ಜಾಸ್ತಿ ಒಂದೇ ಥರ ಇದ್ರೆ, ಓ ಅದೇ ಇದು ಅನ್ನತ್ತೆ.”

“ಅಂದ್ರೆ ಮುಖ ನೋಡಿ ಗುರುತು ಹಿಡಿಯೋದು.”

“ಹೂಂ.”

ಗ್ರೀಸಣ್ಣನ ನಾಲಿಗೆಗೆ ತುಸು ಜೀವ ಬಂತು. “ಹಂಗಾದ್ರೆ ಪಾಪ ಅದರ ತಪ್ಪೇನು. ಒಬ್ಬ ಹೆಸರು ಬದಲಾಯಿಸ್ಕೊಂಡ, ಸರಿ, ಮುಖ ನೋಡಿ ಹಿಡೀಬಹುದು. ಅದೇ ದಿನ ಮೀಸೆ ಬೋಳಿಸಿ, ಕೂದಲಿಗೆ ಬಣ್ಣ ಹಚ್ಚಿ, ಬಾಯ್ತುಂಬ ಹೊಸ ಹಲ್ಲು ಕಟ್ಟಿಸ್ಕೊಂಡು ಬಂದ್ರೆ ಕಟ್ಕೊಂಡ ಹೆಂಡ್ತಿಗೂ ಗುರುತು ಸಿಗಲ್ಲ. ಯಾರು ಬೇಕಾಗಿತ್ತು ಅಂತಾಳೆ.”

ಪುಟ್ಟಿ ಕುರ್ಚಿಯಲ್ಲಿ ನೆಟ್ಟಗಾದಳು. “ಏನಂದೆ?”

“ಯಾರು ಬೇಕಾಗಿತ್ತು ಅಂತಾಳೆ ಅಂದೆ.”

“ಅದಲ್ಲ. ಹೆಸರೂ ಮುಖವೂ ಒಂದೇ ದಿನ.” ಅವಳ ಬೆರಳು ಓಡತೊಡಗಿತು. “ಸಾರ್‌ಗೆ ಎಲ್ಲಾ ನೀಟಾಗಿರಬೇಕು. ಅವತ್ತು ಹೆಸರು ಬದಲಾಯಿಸಿದವರು ಒಳಗಿರೋದನ್ನೂ ಒಪ್ಪ ಮಾಡಿ, ಸಾಲು ಜೋಡಿಸಿ, ಎಲ್ಲಾ ಒಟ್ಟಿಗೆ ಉಳಿಸಿದ್ರೆ? ಎರಡನ್ನೂ ಬೇರೆ ಬೇರೆ ಮಾಡಬೇಕು, ಒಟ್ಟಿಗೆ ಮಾಡಬಾರದು. ಮಾವ, ಆ ದಿನ ಮೂವತ್ತೆಂಟು ಫೈಲು ಹೋಗಿದೆ, ಮೂವತ್ತಾರು ಹುಟ್ಟಿದೆ. ಅರ್ಧ ಹೋಲಬೇಕು ಅನ್ನೋದನ್ನ ನೂರಕ್ಕೆ ಮೂವತ್ತು ಹೋಲಿದ್ರೂ ಸಾಕು ಅಂತ ಇಳಿಸ್ತೀನಿ.”

ಪರದೆಯ ತುಂಬ ಪಟ್ಟಿ ಉರುಳಿತು. ಎಡಗಡೆ ಹಳೆಯ ಹೆಸರು, ಬಲಗಡೆ ಹೊಸದು, ನಡುವೆ ಎಷ್ಟು ಹೋಲಿಕೆ ಅನ್ನುವ ಅಂಕೆ. ಪುಟ್ಟಿ ಓದತೊಡಗಿದವಳು ಮೊದಲ ಹೆಸರಿಗೇ ನಿಂತಳು. ಮೆಲ್ಲಗೆ ಕೇಳಿದಳು.

“ಮಾವ, ದೊಡ್ಡತ್ತೆ ಅಂದ್ರೆ?”

“ಬಾಗಿಲು. ಏನು ಕೇಳಿದ್ರೂ ಮೊದಲು ಆಗಲ್ಲ ಅನ್ನೋದು.”

“ಚಿಕ್ಕಪ್ಪ?”

“ಟೈಮರು. ಬರ್ತೀನಿ ಅಂದ ಹೊತ್ತಿಗೆ ಬಂದಿದ್ದೇ ಇಲ್ಲ.”

“ಬೀಗರು?”

“ಅಲಾರಂ. ಸಣ್ಣದಕ್ಕೂ ಎದ್ದು ಕೂಗಾಡ್ತಾರೆ.”

“ಅಳಿಯ?”

ಗ್ರೀಸಣ್ಣ ಹಿಂದೆ ಮುಂದೆ ನೋಡಿದ. “ಮಹಡಿ ನಂಬರು ತೋರಿಸೋ ದೀಪದ ಪಟ್ಟಿ. ಕೆಲಸ ಇಲ್ಲ, ತೋರಿಕೆ ಮಾತ್ರ.”

ಪುಟ್ಟಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಾಡಿತು. “ಅಯ್ಯೋ ಮಾವ. ಸಾರ್ ಕೆಲಸಕ್ಕೆ ಬಂದ ಮೊದಲ ವಾರ ಇದನ್ನ ತೆಗೆದು ನೋಡಿರ್ತಾರೆ. ಅದಕ್ಕೇ ಅವತ್ತೇ ಕೂತು ಎಲ್ಲಾ ಹೆಸರೂ...” ಮುಂದೆ ಹೇಳಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ, ಅವಳು ಪಟ್ಟಿಯ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಅಜ್ಜಿ. ಲೆವೆಲಿಂಗ್. ನೂರಕ್ಕೆ ಮೂವತ್ತಾರು ಹೋಲಿಕೆ.”

ಆಮೇಲೆ ಅವಳು ಮಾವನನ್ನು ನೋಡಿದ ನೋಟದಲ್ಲಿ ತುಟಿಯ ಕೊನೆಯ ಆ ನಗು ಇರಲಿಲ್ಲ.

“ಆದ್ರೆ ಮೂವತ್ತಾರು ಅಂದ್ರೆ ಖಾತ್ರಿ ಅಲ್ಲ,” ಅಂದಳು. “ಇಷ್ಟು ಕೆಳಗೆ ಇಳಿಸಿದ್ರೆ ಯಾರ್ಯಾರನ್ನೋ ಯಾರಿಗೋ ಗಂಟು ಹಾಕತ್ತೆ. ನೋಡು, ನಿನ್ನ ಚಿಕ್ಕಪ್ಪನ್ನ ತೂಕ ಅಳೆಯೋ ಫೈಲು ಅಂತಿದೆ. ತಾಳು, ಅಜ್ಜಿಯನ್ನ ತೆಗೆದು ಓದಿಬಿಡ್ತೀನಿ. ನೀನೇ ಹೇಳು ಹೌದೋ ಅಲ್ಲವೋ.”

“ಮನೆಮಾತಲ್ಲಿ ಓದು,” ಅಂದ ಗ್ರೀಸಣ್ಣ. ಚಕ್ರವನ್ನು ನೆಲಕ್ಕಿಟ್ಟು ಎದ್ದು, ಎರಡು ಮೇಜುಗಳ ನಡುವಿನ ಜಾಗದಲ್ಲಿ ನಿಂತ. ವೈರ್‌ಮನ್ ಕತ್ತು ಎತ್ತಿದ.

“ಕೆಳಗೆ ಬಂತು,” ಓದಿದಳು ಪುಟ್ಟಿ. “ವೇಗ ಇಳಿಸು. ಇನ್ನೂ ಇಳಿಸು. ಬ್ರೇಕು ಹಿಡಿ.”

ಅರವತ್ತು ದಾಟಿದ ಮಂಡಿ ಕಟಕಟ ಅಂದಿತು. ಗ್ರೀಸಣ್ಣ ಇಳಿದ, ಉಸಿರು ಹಿಡಿದ.

“ಬಾಗಿಲು ತೆಗಿ. ಭಾರ ನೋಡು.”

ತೋಳು ಅಗಲವಾದವು. ಟಯರಿನ ವಾಸನೆ ಎಲ್ಲಿಂದಲೋ ಬಂದಂತಾಯಿತು. ಭಾರ ಇಳಿಯುತ್ತಿದ್ದ ಹಾಗೆ ಅವನ ಹೆಗಲು ಕೊಂಚ ಮೇಲೆದ್ದಿತು, ಕೆಳಗಾಯಿತು, ಮತ್ತೆ ಎದ್ದಿತು, ಸಣ್ಣದಾಗಿ. ಪುಟ್ಟಿ ಮುಂದಿನ ಸಾಲು ಓದುವ ಮೊದಲೇ ಅವನು ಅಲುಗದೆ ನಿಂತಿದ್ದ, ಕಣ್ಣು ಮುಚ್ಚಿ, ತುಟಿ ಮಾತ್ರ ಎಣಿಸುತ್ತ.

“ಒಂದು ಪಾಯಿಂಟ್ ನಾಲ್ಕು ಸೆಕೆಂಡು ನಿಲ್ಲು,” ಓದಿದಳು ಪುಟ್ಟಿ. “ಆಮೇಲೆ ಮಟ್ಟ ಮಾಡ್ಕೋ.”

“ಅಜ್ಜಿನೇ,” ಅಂದ ಗ್ರೀಸಣ್ಣ, ಕಣ್ಣು ತೆರೆಯದೆ.

ಅಷ್ಟರಲ್ಲಿ ವ್ಯಾನು ಬಂದು ಹಾರ್ನು ಹೊಡೆಯಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅಳಿಯ ಕೋಣೆಯಿಂದ ಹೊರಬಂದವನು, ನಡುದಾರಿಯಲ್ಲಿ ತೋಳು ಚಾಚಿ ಕುಕ್ಕರಿಸಿದ್ದ ಮುದುಕನನ್ನು ನೋಡಿ ಗಕ್ಕನೆ ನಿಂತ.

“ಸಾರ್, ಕಾರಣ ಸಿಗ್ತಿದೆ, ಎರಡೇ ನಿಮಿಷ,” ಅಂದಳು ಪುಟ್ಟಿ. ಅಜ್ಜಿಯ ಹಾದಿ ಹಿಡಿದ ಮೇಲೆ ಮುಂದಿನದು ಸಲೀಸು. ಆ ಒಂದು ಸಾಲು ಮೊದಲು ಯಾವಾಗ ಬಂತೆಂದು ಕೇಳಿದಳು. ಹದಿನೇಳು ವರ್ಷದ ಹಿಂದಿನ ಒಂದು ದಿನ ಬಂತು. ಪಕ್ಕದಲ್ಲಿ ಬರೆದವರ ಹೆಸರು, ಕೆಳಗೆ ಯಾಕೆ ಬರೆದರೆಂಬ ಟಿಪ್ಪಣಿ. ಅಕ್ಷರ ಇಂಗ್ಲಿಷಿನವು, ಮಾತು ಆ ಹಳೇ ಕೋಣೆಯಲ್ಲಿ ಕೂತು ಆಡಿದ ಮನೆಮಾತೇ. ಪುಟ್ಟಿ ಎಲ್ಲರಿಗೂ ಕೇಳುವಂತೆ ಓದಿದಳು.

“‘ಇದು ಗ್ರೀಸಣ್ಣ ಹೇಳಿದ್ದು. ಹಗ್ಗ ಉದ್ದ ಇದ್ದಾಗ ಜನ ಇಳಿದ ಮೇಲೆ ಲಿಫ್ಟು ಕುಣಿಯುತ್ತೆ, ಕುಣಿತ ನಿಲ್ಲೋವರೆಗೂ ಮೋಟರು ಕೈ ಹಾಕಬಾರದು ಅಂತಾನೆ. ನಾನು ನಂಬಲಿಲ್ಲ. ಮೂರು ದಿನ ಜಗಳ ಆಡಿದೆ. ಕೊನೆಗೆ ಅಳತೆ ಮಾಡಿ ನೋಡಿದೆ, ಅವನದೇ ಸರಿ. ಎಣಿಸಿ ಎಣಿಸಿ 1.4 ಅಂದ. ನನ್ನ ಅಳತೆಯಲ್ಲಿ 1.37 ಬಂತು. ಅವನದನ್ನೇ ಇಟ್ಟಿದ್ದೀನಿ. ಅವನನ್ನು ಕೇಳದೆ ಯಾರೂ ತೆಗೀಬೇಡಿ. ಅವನು ಹೇಳೋ ಬೇರೆ ಕಥೆಗಳಿಗೆ ನಾನು ಜವಾಬ್ದಾರಳಲ್ಲ.’”

ವೈರ್‌ಮನ್ ಕೈಯಲ್ಲಿದ್ದ ತಂತಿಯನ್ನು ಸುಮ್ಮನೆ ಸುತ್ತಿದ. ಅಳಿಯ ಪರದೆಯ ಹತ್ತಿರ ಬಗ್ಗಿ ಟಿಪ್ಪಣಿಯನ್ನು ಮತ್ತೊಮ್ಮೆ ತಾನೇ ಓದಿಕೊಂಡ. ಹಾಗೆ ಬಗ್ಗಿದವನ ಕಣ್ಣು, ಪಕ್ಕದಲ್ಲಿ ತೆರೆದೇ ಇದ್ದ ಹಳೆಯ ಹೆಸರುಗಳ ಪಟ್ಟಿಯ ಮೇಲೆ ಬಿತ್ತು.

“ಈ ಅಳಿಯ ಅನ್ನೋ ಫೈಲು ಯಾವಾಗಿಂದು?”

ಪುಟ್ಟಿ ಕಣ್ಣು ಕೆಳಗೆ ಹಾಕಿ ಹುಡುಕಿದಳು. “ಇದೂ ಹದಿನೇಳು ವರ್ಷದ್ದೇ ಸಾರ್.”

“ನನ್ನ ಮದುವೆಗೆ ಎಂಟು ವರ್ಷ ಮುಂಚೆ,” ಅಂದ ಅಳಿಯ. ಲೆಕ್ಕ ಹಾಕಲು ಅವನಿಗೆ ಹೊತ್ತೇ ಹಿಡಿಯಲಿಲ್ಲ. “ನಾನು ಇಲ್ಲಿಯವರೆಗೂ ಇದು ನನಗೇ ಅಂದ್ಕೊಂಡಿದ್ದೆ.”

“ನೀವು ಯಾರು ಅಂತಾನೇ ನಮಗೆ ಗೊತ್ತಿರಲಿಲ್ಲ ಸಾರ್,” ಅಂದ ಗ್ರೀಸಣ್ಣ. “ಲೋಕದ ಅಳಿಯಂದಿರಿಗೆಲ್ಲ ಸೇರಿಸಿ ಇಟ್ಟಿದ್ದು.”

ಅಳಿಯನಿಗೆ ನಗು ತಡೆಯಲಾಗಲಿಲ್ಲ. ಮುಖ ಮಾತ್ರ ಕಿವಿಯವರೆಗೆ ಕೆಂಪಾಗಿತ್ತು. “ಸಿಟ್ಟಲ್ಲಿ ಹೆಸರೂ ಒಳಗಿನದೂ ಎಲ್ಲಾ ಒಟ್ಟಿಗೆ ಬದಲಾಯಿಸಿಬಿಟ್ಟೆ,” ಅಂದ. “ಕನ್ನಡಕದಕ್ಕ ಆಗ ರಜೆಯಲ್ಲಿದ್ರು. ಬಂದಮೇಲೂ ಏನೂ ಅನ್ನಲಿಲ್ಲ.” ಪುಟ್ಟಿಯ ಕಡೆ ತಿರುಗಿದ. “ಆ ಸಾಲು ಹಾಗೇ ಇರಲಿ. ಪಕ್ಕದಲ್ಲೇ ಕಾರಣ ಬರಿ, ಇನ್ನೊಬ್ಬರು ನಮ್ಮ ಥರ ಹುಡುಕೋ ಹಾಗೆ ಆಗಬಾರದು. ಗ್ರೀಸಣ್ಣ ಹೇಳಿದ್ದು ಅಂತಲೂ ಬರಿ.”

ಬೋರ್ಡು ಪೆಟ್ಟಿಗೆ ಸೇರಿತು, ಪೆಟ್ಟಿಗೆ ವ್ಯಾನು ಸೇರಿತು. ಎಲ್ಲರೂ ಗ್ರೀಸಣ್ಣನ ಬೆನ್ನು ತಟ್ಟಿ ಹೋದರು. ವೈರ್‌ಮನ್ ಅವನಿಗೊಂದು ಚಹಾ ತಂದುಕೊಟ್ಟು, “ಹಂಗಾದ್ರೆ ಆ ಟೋಪೂ ನಿಜಾನಾ?” ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದ. ಗ್ರೀಸಣ್ಣ ಸ್ಟೂಲಿನ ಮೇಲೆ ಕೂತು ಪರದೆಯ ಮೇಲಿನ, ತನಗೆ ಓದಲು ಬಾರದ ಅಕ್ಷರಗಳನ್ನೇ ನೋಡುತ್ತಿದ್ದ.

“ಇನ್ನೊಂದು ಸಲ ಓದ್ಲಾ ಮಾವ?”

“ಓದು.”

ಪುಟ್ಟಿ ಈ ಸಲ ಅವನಿಗಷ್ಟೇ ಕೇಳುವಂತೆ ಓದಿದಳು, ನಿಧಾನವಾಗಿ. ‘ಮೂರು ದಿನ ಜಗಳ ಆಡಿದೆ’ ಅನ್ನುವಲ್ಲಿ ಗ್ರೀಸಣ್ಣ ಕೈಯೆತ್ತಿ ನಿಲ್ಲಿಸಿದ.

“ಎರಡೇ ದಿನ ಕಣೆ,” ಅಂದ. “ಮೂರನೇ ದಿನ ಅಕ್ಕನಿಗೆ ಜ್ವರ, ರಜೆ ಹಾಕಿದ್ರು. ನಾನೊಬ್ಬನೇ ಹೋಗಿ ಲಿಫ್ಟಿನ ನೆಲಕ್ಕೆ ಕೆನ್ನೆ ಇಟ್ಕೊಂಡು ಸಂಜೆವರೆಗೂ ಮಲಗಿದ್ದೆ. ಎಣಿಸ್ತಾ ಇದ್ದೆ. ಜಗಳ ಆಡೋಕೆ ಯಾರೂ ಇರಲಿಲ್ಲ.”